ಮೈಕಟ್ಟನ್ನೇ ಮೂಲಧನ ಮಾಡಿಕೊಂಡ ಸ್ಯಾಂಡೋ

ತೋಳಿಲ್ಲದ ಬನಿಯನ್ನನ್ನು ನಾವು ಸ್ಯಾಂಡೋ ಬನಿಯನ್ ಎನ್ನುತ್ತೇವೆ. ಆ ಹೆಸರಿನ ಜಗಜಟ್ಟಿಯೊಬ್ಬನು ಬಾಳಿ ಹೋದನೆಂಬುದನ್ನು ಮಾತ್ರ ಮರೆತಿದ್ದೇವೆ.

ಯೂಜೆನ್ ಸ್ಯಾಂಡೋ 1867ರ ಏಪ್ರಿಲ್ 2ರಂದು ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಜನಿಸಿದನು. ತಂದೆತಾಯಿಗಳಿಟ್ಟ ಹೆಸರು ಫ್ರೀಡ್ರಿಖ್ ವಿಲ್‌ಹೆಲ್ಮ್ ಮ್ಯೂಲರ್. ಅಟ್ಟಿಲಾ ಎಂಬ ಉಸ್ತಾದರಲ್ಲಿ ಪಳಗಿದ ಈ ತರುಣ, 1889ರಲ್ಲಿ ಲಂಡನ್ನಿನ ರಂಗದ ಮೇಲೆ ಸ್ಯಾಂಪ್ಸನ್ ಎಂಬ ಮಲ್ಲನ ಪಂಥವನ್ನು ಗೆದ್ದು ಮನೆಮಾತಾದನು. 1893ರಲ್ಲಿ ಅಮೆರಿಕಕ್ಕೆ ಹೋದಾಗ, ಜನ ಎತ್ತಿದ ಭಾರಕ್ಕಿಂತ ಎತ್ತಿದವನ ಮೈಮಾಟಕ್ಕೇ ಮರುಳಾಗುವರೆಂಬುದು ಪ್ರದರ್ಶನದ ಮಾಲಿಕ ಜಿಗ್‌ಫೆಲ್ಡನಿಗೆ ಹೊಳೆಯಿತು. ಅಂಗಸೌಷ್ಠವವೇ ಪ್ರದರ್ಶನವಾಯಿತು.

ಆದರೆ ಸ್ಯಾಂಡೋ ಬರಿಯ ಆಟಗಾರನಾಗಿ ಉಳಿಯಲಿಲ್ಲ. ಇದೇ ಆತನ ಹೆಚ್ಚಳ. 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆ ತೆರೆದನು, ಮರುವರ್ಷ ಮಾಸಪತ್ರಿಕೆ ಹೊರಡಿಸಿದನು, ಡಂಬೆಲ್ಲುಗಳನ್ನು ಮಾರಿದನು, ಅಂಚೆಯ ಮೂಲಕ ಪಾಠ ಕಳಿಸಿದನು. ಗರಡಿಗೆ ಹೋಗಲಾರದವನೂ ಮನೆಯಲ್ಲೇ ಸಾಮು ಮಾಡುವಂತಾಯಿತು. 1901ರಲ್ಲಿ ಆಲ್ಬರ್ಟ್ ಹಾಲಿನಲ್ಲಿ ಆತ ನಡೆಸಿದ ದೇಹಸೌಷ್ಠವ ಸ್ಪರ್ಧೆಗೆ ಸಾಹಿತಿ ಕಾನನ್ ಡಾಯ್ಲ್ ಸಹ ತೀರ್ಪುಗಾರರಾಗಿದ್ದರು.

1904-05ರಲ್ಲಿ ಆತ ಭಾರತಕ್ಕೂ ಬಂದು ಕಲಕತ್ತೆ, ಮುಂಬಯಿಗಳಲ್ಲಿ ಪ್ರದರ್ಶನವಿತ್ತನು. ಮುಂದೆ ನಮ್ಮ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ, ಅಂಚೆಯಲ್ಲೂ ಅಂಗಸಾಧನೆ ಕಲಿಸಿದ, 'ಶಾಂತಲಾ' ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರು ನಡೆದದ್ದೂ ಇಂಥದೇ ಹಾದಿಯಲ್ಲಿ.

1911ರಲ್ಲಿ ಐದನೆಯ ಜಾರ್ಜ್ ದೊರೆ ಸ್ಯಾಂಡೋವನ್ನು ತನ್ನ ವ್ಯಾಯಾಮಾಚಾರ್ಯನನ್ನಾಗಿ ನೇಮಿಸಿದನು. ಅಲ್ಲಿಗೆ ಏರಿಕೆ ಮುಗಿಯಿತು. ಆತ ಕೋಕೋ ಪುಡಿಯ ಕಂಪನಿಯನ್ನೂ ನಡೆಸುತ್ತಿದ್ದನು. 1914ರಲ್ಲಿ ಯುದ್ಧ ಹೊತ್ತಿದಾಗ ಇಂಗ್ಲೆಂಡಿನಲ್ಲಿ ಜರ್ಮನರೆಂದರೆ ಕೆಂಡ. ಜರ್ಮನ್ ಮೂಲದವನ ಕಂಪನಿ ಯುದ್ಧಕಾಲದಲ್ಲೇ ಮುಚ್ಚಿಹೋಯಿತು. 1925ರ ಅಕ್ಟೋಬರ್ 14ರಂದು, 58ನೆಯ ವಯಸ್ಸಿನಲ್ಲಿ, ಸ್ಯಾಂಡೋ ತೀರಿಕೊಂಡನು. ಲಂಡನ್ನಿನ ಪಟ್ನಿ ವೇಲ್ ಸ್ಮಶಾನದಲ್ಲಿ ಆತನನ್ನು ಹೂಳಿದ ಜಾಗಕ್ಕೆ 2002ರವರೆಗೂ ಹೆಸರಿನ ಕಲ್ಲಿರಲಿಲ್ಲ.

ದಿನವೆಲ್ಲ ಪರರ ಜಮಾಖರ್ಚು ಬರೆಯುವ ನಾವು ಈ ಬಾಳಿನ ಲೆಕ್ಕವನ್ನೂ ನೋಡಬೇಕು. ಕಂಪನಿ ಹೋಯಿತು, ರಾಜಮನ್ನಣೆ ಹೋಯಿತು. ಉಳಿದುದೊಂದೇ: ಸಾಮಾನ್ಯನೂ ದಿನಕ್ಕಿಷ್ಟು ಹೊತ್ತು ದುಡಿದರೆ ತನ್ನ ಮೈಯನ್ನು ತಾನೇ ಕಟ್ಟಿಕೊಳ್ಳಬಲ್ಲನೆಂಬ ಪಾಠ. ಇಂದಿಗೂ 'ಮಿಸ್ಟರ್ ಒಲಿಂಪಿಯಾ' ಗೆದ್ದವನ ಕೈಗೆ ಬರುವುದು ಸ್ಯಾಂಡೋವಿನ ಕಂಚಿನ ಪ್ರತಿಮೆ. ಅದು ನಮಗೆ ಬರಲಾರದು. ಆದರೆ ಕುರ್ಚಿಯಿಂದೆದ್ದು ನಾಲ್ಕು ಬಸ್ಕಿ ಹೊಡೆಯಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.