ಆಳಿನ ಕೂಲಿಯೂ ಗುರು ತಿಪ್ಪೇರುದ್ರಸ್ವಾಮಿಗಳೂ

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ನಾಯಕನಹಟ್ಟಿಯ ಶ್ರೀ ಗುರು ತಿಪ್ಪೇರುದ್ರಸ್ವಾಮಿಗಳವರ ನಾಮವನ್ನರಿಯದ ಮನೆಯಿಲ್ಲ. ಕೊಟ್ಟೂರು ಗುರುಬಸವೇಶ್ವರರಂತೆ ಇವರೂ ಪಂಚಗಣಾಧೀಶ್ವರರಲ್ಲೊಬ್ಬರೆಂದು ಭಕ್ತರ ನಂಬುಗೆ. ಇವರ ಪವಾಡಗಳನ್ನು ವರ್ಣಿಸುವವರು ಬಹುಮಂದಿ. ಆಳುಗಳೊಡನೆ ಇವರು ನಡೆದುಕೊಂಡ ಬಗೆಯನ್ನು ನೆನೆಯುವವರು ವಿರಳ.

ಅದನ್ನು ಅರಿಯಬೇಕಾದರೆ ಆ ನಾಡಿನ ಹಳೆಯ ಸಂಸಾರಕ್ರಮವನ್ನು ಮೊದಲು ನೋಡಬೇಕು. ನನ್ನಿವಾಳ, ನಾಯಕನಹಟ್ಟಿಗಳ ಸುತ್ತಣ ನೆಲ ಮಳೆ ಕಡಿಮೆಯ ಕುರುಚಲು ಬಯಲು. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಾಯಲು ಕಿಲಾರಿಗಳಿದ್ದರು. ಒಕ್ಕಲು ಮನೆಗಳಲ್ಲಿ ಉಳುಮೆಗೂ ದನಕುರಿಗಳಿಗೂ ಜೀತದಾಳುಗಳಿದ್ದರು. ಯುಗಾದಿಯಿಂದ ಯುಗಾದಿಗೆ ಆಳನ್ನು ಗೊತ್ತುಮಾಡಿಕೊಳ್ಳುವುದು ವಾಡಿಕೆ. ಹೊತ್ತುಹೊತ್ತಿಗೆ ಊಟ, ವರ್ಷಕ್ಕಿಷ್ಟು ಕಾಳು, ಒಂದು ಕಂಬಳಿ, ಒಂದು ಜೊತೆ ಕೆರ; ಇಷ್ಟೇ ಸಂಬಳ. ಬೆಳೆ ಬಂದ ವರ್ಷ ಆಡಿದ ಮಾತು ನಡೆಯುತ್ತಿದ್ದಿತು. ಬರ ಬಂದಿತೋ, ಅಳೆಯುವ ಕೊಳಗವೇ ಕುಗ್ಗುತ್ತಿದ್ದಿತು. ಬೀಸಲು ಕುಟ್ಟಲು ಬಂದ ಹೆಂಗಸಿಗೆ ಮೊರದಲ್ಲುಳಿದ ನುಚ್ಚೇ ಕೂಲಿಯಾದದ್ದೂ ಉಂಟು. ಆಳು ಮದುವೆಗೋ ಹೊಟ್ಟೆಗೋ ಸಾಲ ತಂದರೆ ಅದು ತೀರುವವರೆಗೆ ಅವನ ಮಗನೂ ಅದೇ ಕೊಟ್ಟಿಗೆಯನ್ನು ಗುಡಿಸಬೇಕಾಗುತ್ತಿದ್ದಿತು. ಸಾಲಕ್ಕಾಗಿ ಜೀತ ದುಡಿಸುವುದನ್ನು ರದ್ದುಪಡಿಸಿದ ಕಾನೂನು ಬಂದುದು 1976ರಲ್ಲಿ ಎಂಬುದನ್ನು ಮರೆಯಲಾಗದು.

ಇಂತಹ ನಾಡಿಗೆ ಸ್ವಾಮಿಗಳು ಜೋಳಿಗೆಯೊಂದನ್ನೇ ಹಿಡಿದು ಬಂದರು. ಊರ ಮಾರಮ್ಮನ ಗುಡಿಯಲ್ಲಿ ತಮ್ಮ ಜೋಳಿಗೆಯನ್ನಿಡುವಷ್ಟು ಸ್ಥಳವನ್ನು ಬೇಡಿದರೆಂದೂ, ಕಡೆಗೆ ಆ ಗುಡಿಯೇ ಒಳಮಠವಾಯಿತೆಂದೂ ಐತಿಹ್ಯ. ಅವರು ಕಂಡ ಕೊರತೆ ನೀರಿನದು. ನೀರಿಲ್ಲದೆ ಕಾಳಿಲ್ಲ, ಕಾಳಿಲ್ಲದೆ ಒಡೆಯನಿಗೂ ಇಲ್ಲ, ಆಳಿಗೂ ಇಲ್ಲ. ಆದಕಾರಣ ಕೆರೆಗಳನ್ನು ಕಟ್ಟಿಸಲು ತೊಡಗಿದರು. ಅವು ಐದೆಂದು ಜನರು ಎಣಿಸುತ್ತಾರೆ. ಮಣ್ಣು ಹೊರಲು ನೂರಾರು ಮಂದಿ ನೆರೆದರು. ಜೋಳಿಗೆಯ ಜಂಗಮನು ಕೂಲಿಯನ್ನು ಎಲ್ಲಿಂದ ತಂದಾನು? ಸಂಜೆ ಪ್ರತಿಯೊಬ್ಬರೂ ಮರಳಿನ ಗುಡ್ಡೆಯನ್ನು ಮಾಡಿಕೊಳ್ಳಬೇಕೆಂದು ಸ್ವಾಮಿಗಳು ಅಪ್ಪಣೆಮಾಡುತ್ತಿದ್ದರಂತೆ. ಗುಡ್ಡೆಯನ್ನು ಕೆದಕಿದರೆ ಅವರವರು ಆ ದಿನ ದುಡಿದಷ್ಟಕ್ಕೆ ಸರಿಯಾದ ಹಣ ದೊರೆಯುತ್ತಿದ್ದಿತಂತೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ದುಡಿಮೆಗೆ ತಕ್ಕ ನೀಡಿಕೆಯನ್ನು ಕುರಿತ ಅವರ ಸುಪ್ರಸಿದ್ಧ ನುಡಿ ಈ ಪ್ರಸಂಗದೊಡನೆಯೇ ಬೆಸೆದುಕೊಂಡಿದೆ. ಅದನ್ನು ಮೈಗಳ್ಳರಿಗೆ ಹೇಳಿದ ಎಚ್ಚರಿಕೆಯೆಂದು ವಿವರಿಸುವುದೇ ಈಗಿನ ರೂಢಿ. ಒಡೆಯರಿಗೆ ಈ ವಿವರಣೆ ಬಹು ಹಿತವಾದುದು! ಆದರೆ ಆ ನುಡಿಯಲ್ಲಿರುವ ಆಜ್ಞೆ ದುಡಿಯುವವನಿಗೆ ಅಲ್ಲ, ನೀಡುವವನಿಗೆ. ಆಳು ಮಾಡಿದ್ದನ್ನು ಅಳೆದು, ಅಷ್ಟನ್ನೂ ಕೊಡತಕ್ಕದ್ದು. ಬರದ ನೆಪವೂ ಸಾಲದ ನೆಪವೂ ಅಲ್ಲಿ ಸಲ್ಲವು. ಮತ್ತೊಂದು ಮಾತು. ಕೂಲಿಯನ್ನು ಅವರು ಭಿಕ್ಷೆಯೆಂದೇ ಕರೆದರು. ಜಂಗಮನ ಜೋಳಿಗೆಗೆ ಬೀಳುವುದಕ್ಕೆ ಸಲ್ಲುವ ಹೆಸರನ್ನು ಮಣ್ಣು ಹೊತ್ತವನ ಪಾಲಿಗೂ ಕೊಟ್ಟುದರಿಂದ, ಆಳನ್ನು ಎಲ್ಲಿ ನಿಲ್ಲಿಸಿದರೆಂಬುದನ್ನು ವಾಚಕರೇ ತೂಗಿನೋಡಬಹುದು.

ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನು ಪತಿ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದುಬರುವಂತೆ ಕಳುಹಿದ ಕಥೆಯನ್ನು ಎಲ್ಲರೂ ಬಲ್ಲರು. ಅಲ್ಲಿ ಮಿತಿಯನ್ನು ಕಾಯ್ದವಳು ಪಡೆಯುವವಳು. ಹಟ್ಟಿಯ ಕೆರೆಯಂಗಳದಲ್ಲಿ ಅದನ್ನು ಕಾಯ್ದವರು ಕೊಡುವವರು. ಎರಡರಲ್ಲಿ ಎರಡನೆಯದೇ ಅಪರೂಪವೆಂದು ನಮ್ಮೆಣಿಕೆ. ಏಕೆಂದರೆ ಬಡವನು ಮಿತಿಯನ್ನು ಮೀರಿದರೆ ಕೇಳುವವರು ಹಲವರು, ಒಡೆಯನು ಮೀರಿದರೆ ಕೇಳುವವರಾರು?

ಸ್ವಾಮಿಗಳವರು ಊರ ಹೊರಗೆ, ಚಿಕ್ಕಕೆರೆಯ ಬಳಿ ಸಮಾಧಿಸ್ಥರಾದರು. ಅದು ಹೊರಮಠವೆನಿಸಿದೆ. ಫಾಲ್ಗುಣದ ರಥೋತ್ಸವಕ್ಕೆ ಸುತ್ತಣ ಹಳ್ಳಿಗಳ ಒಕ್ಕಲಿಗರೂ ಕೂಲಿಕಾರರೂ ಬಂದು, ಒಣಕೊಬ್ಬರಿಯನ್ನು ಒಂದೇ ಬೆಂಕಿಗೆ ಹಾಕಿ ಹರಕೆಯನ್ನು ತೀರಿಸುತ್ತಾರೆ.