ಕೊಡಂದೇರ ತಿಮ್ಮಯ್ಯನವರ ಚರಿತ್ರೆ

ಸೇನಾಪತಿಗಳ ಚರಿತ್ರೆಯನ್ನು ಹೇಳುವವರು ಸಾಧಾರಣವಾಗಿ ಅವರು ಗೆದ್ದ ಕಾಳಗಗಳನ್ನು ಎಣಿಸಿ ತೋರಿಸುವದುಂಟು. ನಾವಾದರೋ ಕೊಡಗಿನ ಜನರಲ್ ತಿಮ್ಮಯ್ಯನವರ ವಿಷಯವಾಗಿ ಬರೆಯುವಾಗ, ರೋಗಕ್ಕೆ ಸಿಕ್ಕಿದವರಿಗೂ ಮನೆಮಠ ಕಳಕೊಂಡವರಿಗೂ ಅವರು ಮಾಡಿದ ಸೇವೆಯನ್ನೇ ಹೆಚ್ಚಾಗಿ ತಿಳಿಸಲಿಚ್ಛಿಸುತ್ತೇವೆ.

ಇವರು 1906ನೇ ಇಸವಿ ಮಾರ್ಚ್ 31ರಲ್ಲಿ ಮಡಿಕೇರಿಯಲ್ಲಿ ಕೊಡಂದೇರ ಮನೆತನದಲ್ಲಿ ಹುಟ್ಟಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಡೆಹ್ರಾಡೂನಿನ ಸೈನಿಕ ವಿದ್ಯಾಲಯದಲ್ಲಿಯೂ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ತರಬೇತು ಹೊಂದಿ 1926ರಲ್ಲಿ ಸೇನಾಧಿಕಾರಿಯಾದರು. 1935ರಲ್ಲಿ ನೀನಾ ಎಂಬವರನ್ನು ವಿವಾಹವಾದರು. ಅದೇ ವರುಷ ಮೇ 31ರ ಬೆಳಗಿನ ಜಾವದಲ್ಲಿ ಕ್ವೆಟ್ಟಾ ಪಟ್ಟಣವು ಭೂಕಂಪದಿಂದ ನೆಲಸಮವಾಗಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರು ಸತ್ತರು. ಆಗ ಈ ದಂಪತಿಗಳು ಗಾಯಪಟ್ಟವರ ಮತ್ತು ದಿಕ್ಕಿಲ್ಲದವರ ಆರೈಕೆಯಲ್ಲಿ ತೊಡಗಿದರು.

ಎರಡನೆಯ ಮಹಾಯುದ್ಧದಲ್ಲಿ ತಿಮ್ಮಯ್ಯನವರು 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿಗೆ ನಾಯಕರಾಗಿ ಬರ್ಮಾದ ಅರಾಕಾನ್ ಪ್ರಾಂತ್ಯಕ್ಕೆ ಹೋದರು. ಅದು ಮಳೆಯೂ ಕೆಸರೂ ದಟ್ಟಡವಿಯೂ ಉಳ್ಳ ಉಷ್ಣದೇಶ. ಅಲ್ಲಿ ಜಪಾನೀಯರ ಗುಂಡಿಗಿಂತ ಸೊಳ್ಳೆಯೇ ದೊಡ್ಡ ಶತ್ರು. 1943ರಲ್ಲಿ ಬರ್ಮಾದ ಸೇನೆಯೊಳಗೆ ಗಾಯಪಟ್ಟು ಹಿಂದಕ್ಕೆ ಸಾಗಿಸಲ್ಪಟ್ಟ ಒಬ್ಬೊಬ್ಬನಿಗೆ, ರೋಗದಿಂದ ಸಾಗಿಸಲ್ಪಟ್ಟವರು 120 ಮಂದಿ ಇದ್ದರು. ಆದಕಾರಣ ಸಿಪಾಯಿಗಳು ದಿನಾಲು ಮೆಪಾಕ್ರಿನ್ ಗುಳಿಗೆಯನ್ನು ನುಂಗಬೇಕೆಂದೂ, ಹೊತ್ತು ಮುಳುಗಿದ ಮೇಲೆ ತೋಳು ಕಾಲುಗಳನ್ನು ಮುಚ್ಚಿಕೊಳ್ಳಬೇಕೆಂದೂ ಕಟ್ಟಾಜ್ಞೆ ಹೊರಟಿತು. ಆ ಗುಳಿಗೆಯು ಚರ್ಮವನ್ನು ಹಳದಿ ಮಾಡುತ್ತಿದ್ದುದರಿಂದ ಅನೇಕರು ಅದಕ್ಕೆ ಹೆದರುತ್ತಿದ್ದರು. ಆಜ್ಞೆಯು ನಡೆಯುವಂತೆ ನೋಡುವ ಹೊಣೆಯು ವೈದ್ಯರ ಮೇಲೆ ಮಾತ್ರವಲ್ಲ, ಪ್ರತಿಯೊಂದು ಬೆಟಾಲಿಯನ್ನಿನ ನಾಯಕನ ಮೇಲೆಯೂ ಇತ್ತು. ಹೀಗೆ ಸಿಪಾಯಿಗಳ ದೇಹಸ್ಥಿತಿಯನ್ನು ಕಾಪಾಡುವದು ತಿಮ್ಮಯ್ಯನವರ ಪಾಲಿಗೂ ಬಂತು. 1945ರ ಆರಂಭದಲ್ಲಿ ಕಾಂಗಾವ್ ಎಂಬಲ್ಲಿ ಇವರ ದಂಡು ಘೋರವಾಗಿ ಕಾದಿತು. ಆ ಬಳಿಕ ಇವರು ಯುದ್ಧರಂಗದಲ್ಲಿ ಬ್ರಿಗೇಡನ್ನು ನಡಿಸಿದ ಮೊದಲನೆಯ ಭಾರತೀಯರಾದರು.

ಯುದ್ಧವು ಮುಗಿದರೂ ಜನರ ಸಂಕಟವು ಮುಗಿಯಲಿಲ್ಲ. 1947ರಲ್ಲಿ ದೇಶವು ಇಬ್ಭಾಗವಾದಾಗ ಒಂದು ಕೋಟಿಗೂ ಹೆಚ್ಚು ಜನರು ಗಡಿಯನ್ನು ದಾಟಿದರು. ಜಪಾನಿನಿಂದ ಹಿಂದಕ್ಕೆ ಕರೆಸಲ್ಪಟ್ಟಿದ್ದ ತಿಮ್ಮಯ್ಯನವರು ಸೆಪ್ಟೆಂಬರಿನಲ್ಲಿ ಮೇಜರ್ ಜನರಲ್ ಆಗಿ ಪೂರ್ವ ಪಂಜಾಬಿನ ದಂಡಿನ ಅಧಿಕಾರವನ್ನು ವಹಿಸಿದರು. ಎತ್ತಿನ ಗಾಡಿಗಳಲ್ಲಿಯೂ ಕಾಲ್ನಡೆಯಲ್ಲಿಯೂ ಸಾಗುತ್ತಿದ್ದ ಮೈಲುಗಟ್ಟಲೆ ಜನಸಾಲುಗಳಿಗೆ ಕೊಲೆಗಾರರ ಭಯ ಒಂದು ಕಡೆ, ನೆರೆಯೂ ಕಾಲರಾ ರೋಗವೂ ಮತ್ತೊಂದು ಕಡೆ. ಹೋಗುವ ಮುಸಲ್ಮಾನರಿಗೂ ಬರುವ ಹಿಂದುಗಳಿಗೂ ಸಿಖ್ಖರಿಗೂ ಒಂದೇ ವಿಧವಾದ ಕಾವಲು ಕೊಡುವದು ಇವರ ಕೆಲಸವಾಗಿತ್ತು. ಅಸಂಖ್ಯಾತರು ದಾರಿಯಲ್ಲಿ ಹತರಾದರೆಂಬದನ್ನು ನಾವು ಮರೆಮಾಡುವದಿಲ್ಲ. ಆದರೂ ಕಾವಲಿಲ್ಲದಿದ್ದರೆ ಉಳಿದವರೂ ಉಳಿಯುತ್ತಿರಲಿಲ್ಲ.

ಇದಕ್ಕಿಂತಲೂ ಕಠಿನವಾದ ಕೆಲಸವು 1953ರಲ್ಲಿ ಕೊರಿಯ ದೇಶದಲ್ಲಿ ಒದಗಿತು. ಯುದ್ಧವು ನಿಂತ ಮೇಲೆ, ಸ್ವದೇಶಕ್ಕೆ ಹಿಂದಿರುಗಲೊಲ್ಲದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯದ ಸೆರೆಯವರೂ, ಎದುರುಪಕ್ಷದಲ್ಲಿ 359 ಮಂದಿಯೂ ಇದ್ದರು. ಇವರ ಇಷ್ಟವನ್ನು ತಿಳಿಯಲು ಐದು ರಾಷ್ಟ್ರಗಳ ಸಮಿತಿ ಏರ್ಪಟ್ಟಿತು. ತಿಮ್ಮಯ್ಯನವರು ಅದರ ಅಧ್ಯಕ್ಷರು. ದಕ್ಷಿಣ ಕೊರಿಯದ ಅಧ್ಯಕ್ಷನು ಭಾರತದ ಸಿಪಾಯಿಗಳು ತನ್ನ ನೆಲವನ್ನು ಮೆಟ್ಟಬಾರದೆಂದು ಹಟ ಹಿಡಿದದ್ದರಿಂದ, ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಗಡಿಪ್ರದೇಶಕ್ಕೆ ಒಯ್ಯಬೇಕಾಯಿತು.

ಸೆರೆಯವರನ್ನು ಬಲವಂತದಿಂದ ಕಳುಹಿಸಬೇಕೆಂದು ಒಂದು ಪಕ್ಷದವರೂ, ವಿಚಾರಿಸುವದೇ ಬೇಡವೆಂದು ಮತ್ತೊಂದು ಪಕ್ಷದವರೂ ಒತ್ತಾಯಪಡಿಸಿದರು. ಶಿಬಿರಗಳ ಒಳಗೆ ಸೆರೆಯವರ ಮುಖಂಡರೇ ತಮ್ಮವರನ್ನು ಬೆದರಿಸುತ್ತಿದ್ದರು. ಗಲಭೆಯಾದಾಗ ಗುಂಡು ಹಾರಿ ಕೆಲವರು ಸತ್ತದ್ದೂ ಉಂಟು. ಆದಾಗ್ಯೂ ಒಬ್ಬನನ್ನಾದರೂ ಅವನ ಮನಸ್ಸಿಗೆ ವಿರೋಧವಾಗಿ ಎಳೆದೊಯ್ಯಬಾರದೆಂಬ ನಿಯಮವನ್ನು ತಿಮ್ಮಯ್ಯನವರು ಬಿಡಲಿಲ್ಲ. ಎರಡು ಪಕ್ಷಗಳೂ ಅವರನ್ನು ದೂರಿದವು. ಕೊನೆಗೆ ಅಲ್ಪಸಂಖ್ಯೆಯವರು ಮಾತ್ರ ಸ್ವದೇಶಕ್ಕೆ ಹೋದರು. ಉಳಿದವರು 1954ರ ಜನವರಿಯಲ್ಲಿ ಬಿಡುಗಡೆ ಹೊಂದಿದರು. ಯಾವ ಪಕ್ಷವೂ ಬೇಡವೆಂದ ಎಂಭತ್ತಕ್ಕೂ ಮಿಕ್ಕಿದವರು ಭಾರತದ ದಂಡಿನ ಸಂಗಡ ನಮ್ಮ ದೇಶಕ್ಕೆ ಬಂದರು. ಅವರಲ್ಲಿ ಅನೇಕರು ತರುವಾಯ ಬ್ರೆಜಿಲ್, ಅರ್ಜೆಂಟೀನ ಮುಂತಾದ ದೂರದೇಶಗಳಲ್ಲಿ ನೆಲೆಗೊಂಡರು.

ತಿಮ್ಮಯ್ಯನವರು 1957ರಿಂದ 1961ರ ವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಆದರೆ ವಿಶ್ರಾಂತಿಯು ದೀರ್ಘವಾಗಲಿಲ್ಲ. 1964ರಲ್ಲಿ ಗ್ರೀಕರೂ ತುರ್ಕರೂ ಹೋರಾಡುತ್ತಿದ್ದ ಸೈಪ್ರಸ್ ದ್ವೀಪಕ್ಕೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿ ತೆರಳಿ, 1965ನೇ ದಶಂಬರ 18ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 59 ವರುಷ. ಆ ದ್ವೀಪದವರು ಮರುವರುಷ ಇವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿದರು. ಮಡಿಕೇರಿಯಲ್ಲಿ ಇವರ ಮನೆಯಾದ ಸನ್ನಿ ಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ವಾಚಕರೇ, ಆ ಮನೆಯಲ್ಲಿ ಕತ್ತಿಬಂದೂಕುಗಳನ್ನು ನೋಡುವವರು ಗುಳಿಗೆ ನುಂಗಿ ಬದುಕಿದ ಸಿಪಾಯಿಯನ್ನೂ, ಗಡಿ ದಾಟಿ ಬದುಕಿದ ಕೂಸನ್ನೂ, ತನ್ನ ದಾರಿಯನ್ನು ತಾನೇ ಆರಿಸಿಕೊಂಡ ಸೆರೆಯವನನ್ನೂ ನೆನಸಲಿ. ಬಲವುಳ್ಳವನು ಬಲವಿಲ್ಲದವನ ಇಷ್ಟವನ್ನು ಕೇಳಿ ನಡೆಯುವದು ಸುಲಭವಲ್ಲ. ಅದನ್ನು ನಡಿಸಿ ತೋರಿಸಿದವರು ನಮ್ಮ ಸೀಮೆಯವರೇ ಎಂಬದು ನಮಗೆ ಸಂತೋಷ.