ಎಲುಬಿನ ಗೂಡನ್ನು ಕಣ್ಣಾರೆ ಕಂಡ ವೆಸೇಲಿಯಸ್

ಚರಿತ್ರೆಯನ್ನು ಐಚ್ಛಿಕವಾಗಿ ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿ ನಾನು. ಎಲುಬು ಕೀಲುಗಳ ಗೊಡವೆ ಇವನಿಗೇಕೆ ಎಂದು ಗೆಳೆಯರು ನಕ್ಕಾರು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂದೆಯವರು ಮೂವತ್ತು ವರ್ಷ ಹಮಾಲಿ ಕೆಲಸ ಮಾಡಿ ಮೂಟೆ ಹೊತ್ತವರು. ಕಳೆದ ಬೇಸಗೆಯಲ್ಲಿ ಅವರ ಮೊಣಕಾಲು ಊದಿ, ಎದ್ದು ನಿಲ್ಲುವುದೇ ಕಷ್ಟವಾಯಿತು. ಆಸ್ಪತ್ರೆಯ ವೈದ್ಯರು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಕೀಲಿನ ಮೆಲ್ಲೆಲುಬು ಸವೆದಿದೆ ಎಂದು ತಿಳಿಸಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೊಬ್ಬನೇ. ಅದನ್ನು ಅವ್ವನಿಗೂ ಅಪ್ಪನಿಗೂ ಬಿಡಿಸಿ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ನನಗೇ ಅದು ತಿಳಿದಿರಲಿಲ್ಲ! ಆ ನಾಚಿಕೆಯಿಂದ ನಾನು ವಾಚನಾಲಯಕ್ಕೆ ಹೋದೆ. ಅಲ್ಲಿ ದೊರೆತ ಪರಿಚಯವೇ ಆಂಡ್ರಿಯಾಸ್ ವೆಸೇಲಿಯಸ್ ಎಂಬ ಮಹನೀಯನದು.

ವೆಸೇಲಿಯಸ್ ಹುಟ್ಟಿದ್ದು 1514ರ ಡಿಸೆಂಬರ್ 31ರಂದು, ಬ್ರಸೆಲ್ಸ್ ನಗರದಲ್ಲಿ. ಆತನದು ವೈದ್ಯರ ಮನೆತನ; ತಂದೆಯು ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಆಸ್ಥಾನದಲ್ಲಿ ಔಷಧಗಳನ್ನು ಸಿದ್ಧಪಡಿಸುವವನು. ಲುವೇನ್‌ನಲ್ಲಿ ಓದಿ, ವೈದ್ಯ ಕಲಿಯಲು ಪ್ಯಾರಿಸ್ಸಿಗೆ ಹೋದನು. ಆಗಿನ ಪಾಠಕ್ರಮ ವಿಚಿತ್ರವಾದುದು. ಅಧ್ಯಾಪಕನು ಎತ್ತರದ ಪೀಠದಲ್ಲಿ ಕುಳಿತು ಗ್ಯಾಲೆನನ ಗ್ರಂಥವನ್ನು ಓದುತ್ತಿದ್ದನು. ಕೆಳಗೆ ಕ್ಷೌರಿಕನೊಬ್ಬನು ಹೆಣವನ್ನು ಕೊಯ್ಯುತ್ತಿದ್ದನು. ಓದುವವನು ಕೊಯ್ಯುತ್ತಿರಲಿಲ್ಲ, ಕೊಯ್ಯುವವನು ಓದುತ್ತಿರಲಿಲ್ಲ. ಗ್ಯಾಲೆನನಾದರೋ ಕ್ರಿ.ಶ. ಎರಡನೆಯ ಶತಮಾನದ ಮಹಾವೈದ್ಯ. ಆತನ ಮಾತು ಸುಮಾರು 1,300 ವರ್ಷಗಳ ಕಾಲ ವೇದವಾಕ್ಯದಂತೆ ನಡೆದಿತ್ತು.

ಎಲುಬುಗಳನ್ನು ಮುಟ್ಟಿ ನೋಡಬೇಕೆಂಬ ಹಂಬಲ ವೆಸೇಲಿಯಸನನ್ನು ಪ್ಯಾರಿಸ್ಸಿನ ಸ್ಮಶಾನಕ್ಕೆ ಎಳೆದೊಯ್ದಿತು. ಅಲ್ಲಿ ರಾಶಿ ಬಿದ್ದಿದ್ದ ಎಲುಬುಗಳನ್ನು ಗಂಟೆಗಟ್ಟಲೆ ಪರೀಕ್ಷಿಸಿ, ಕಣ್ಣು ಕಟ್ಟಿಕೊಂಡು ಬರಿಯ ಸ್ಪರ್ಶದಿಂದಲೇ ಗುರುತಿಸುವಷ್ಟು ಪಳಗಿದನು. 1536ರಲ್ಲಿ ಲುವೇನ್‌ಗೆ ಮರಳಿದಾಗ, ಊರ ಹೊರಗಿನ ಗಲ್ಲುಗಂಬದಲ್ಲಿ ಒಬ್ಬ ಅಪರಾಧಿಯ ದೇಹ ತೂಗುತ್ತಿತ್ತು. ಹಕ್ಕಿಗಳು ಮಾಂಸವನ್ನೆಲ್ಲ ತಿಂದಿದ್ದವು. ಕೀಲುಗಳ ಕಟ್ಟುನಾರುಗಳು ಮಾತ್ರ ಎಲುಬುಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದವು. ವೆಸೇಲಿಯಸ್ ಕೈಕಾಲಿನ ಎಲುಬುಗಳನ್ನು ಮೊದಲು ಮನೆಗೆ ಸಾಗಿಸಿದನು. ಮುಂಡವು ಸರಪಳಿಯಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕಾಗಿ ಊರ ಬಾಗಿಲು ಮುಚ್ಚಿದ ಮೇಲೆ ಹೊರಗೇ ಉಳಿದು, ಕತ್ತಲೆಯಲ್ಲಿ ಒಬ್ಬನೇ ಕಂಬವನ್ನೇರಿದನು. ಕೊರತೆಯಾದ ಕೆಲವು ಎಲುಬುಗಳನ್ನು ಬೇರೆಡೆಯಿಂದ ತಂದು, ಗೂಡನ್ನು ಪೂರ್ತಿಯಾಗಿ ಜೋಡಿಸಿ ನಿಲ್ಲಿಸಿದನು. ಆಗ ಅವನಿಗೆ ಹೆಚ್ಚುಕಡಿಮೆ ನಮ್ಮ ವಯಸ್ಸು!

1537ರಲ್ಲಿ ಇಟಲಿಯ ಪಾದುವಾದಲ್ಲಿ ಪದವಿ ಪಡೆದ ಕೂಡಲೇ, ಇಪ್ಪತ್ಮೂರು ತುಂಬುವ ಮೊದಲೇ, ಅಲ್ಲಿಯೇ ಅಧ್ಯಾಪಕನಾದನು. ಪೀಠದಿಂದ ಕೆಳಗಿಳಿದು ತಾನೇ ಶಸ್ತ್ರ ಹಿಡಿದನು. ಪಕ್ಕದಲ್ಲಿ ಅಸ್ಥಿಪಂಜರವನ್ನು ನಿಲ್ಲಿಸಿಕೊಂಡು ಪಾಠ ಹೇಳಿದನು. ಗ್ಯಾಲೆನನು ಹೇಳಿದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆ ಬೀಳಲಿಲ್ಲ. ಮನುಷ್ಯನ ಕೆಳದವಡೆ ಎರಡು ಎಲುಬುಗಳಿಂದಾದುದೆಂದು ಗ್ಯಾಲೆನ್ ಬರೆದಿದ್ದನು; ಕಂಡದ್ದು ಒಂದೇ. ಎದೆಯೆಲುಬಿಗೆ ಏಳು ಭಾಗಗಳೆಂದಿದ್ದನು, ಕಂಡದ್ದು ಮೂರು. 1540ರಲ್ಲಿ ಬೊಲೋನ್ಯಾದಲ್ಲಿ ಮಂಗನ ಮತ್ತು ಮನುಷ್ಯನ ಅಸ್ಥಿಪಂಜರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದಾಗ ಗುಟ್ಟು ಬಯಲಾಯಿತು. ಗ್ಯಾಲೆನನು ಕೊಯ್ದು ನೋಡಿದ್ದು ಮಂಗ ಮೊದಲಾದ ಪ್ರಾಣಿಗಳನ್ನು. ಬರೆದದ್ದು ಮನುಷ್ಯನ ಹೆಸರಿನಲ್ಲಿ.

ಈ ಶೋಧನೆಯ ಫಲವೇ 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ, ಮಾನವ ದೇಹದ ರಚನೆಯನ್ನು ಕುರಿತ ಏಳು ಭಾಗಗಳ ಬೃಹದ್ಗ್ರಂಥ. ಆಗ ಗ್ರಂಥಕರ್ತನಿಗೆ ಇಪ್ಪತ್ತೆಂಟು ವರ್ಷ. ಮೊದಲನೆಯ ಭಾಗವೇ ಎಲುಬುಗಳದು. ಗುಡಾರಕ್ಕೆ ಕಂಬವಿದ್ದಂತೆ ದೇಹಕ್ಕೆ ಎಲುಬು. ಕಂಬ ತಿಳಿಯದೆ ಗುಡಾರ ತಿಳಿಯದು ಎಂಬುದು ಆತನ ಭಾವನೆ. ಎರಡನೆಯ ಭಾಗ ಕಟ್ಟುನಾರುಗಳದು ಮತ್ತು ಸ್ನಾಯುಗಳದು. ಈ ಕ್ರಮದಲ್ಲಿಯೇ ಚಲನೆಯ ರಹಸ್ಯವಿದೆ. ಎಲುಬು ತಾನಾಗಿ ಅಲುಗದು. ಕೀಲನ್ನು ದಾಟಿ ಆಚೆಯ ಎಲುಬಿಗೆ ಅಂಟಿರುವ ಸ್ನಾಯುವು ಕುಗ್ಗಿ ಅದನ್ನು ಎಳೆಯಬೇಕು. ಸ್ನಾಯುವು ಎಳೆಯಬಲ್ಲುದೇ ಹೊರತು ತಳ್ಳಲಾರದು. ಆದುದರಿಂದ ಮೊಣಕೈಯನ್ನು ಮಡಚಲು ಮುಂದೊಂದು, ಚಾಚಲು ಹಿಂದೊಂದು ಸ್ನಾಯು ಬೇಕು. ಸೊಂಟದಲ್ಲಿ ತೊಡೆಯೆಲುಬಿನ ಗುಂಡುತಲೆ ಬಟ್ಟಲಿನಂಥ ಕುಳಿಯಲ್ಲಿ ಎಲ್ಲ ಕಡೆಗೂ ತಿರುಗುತ್ತದೆ. ಮೊಣಕಾಲು ಬಾಗಿಲ ತಿರುಗಣಿಯಂತೆ ಮುಖ್ಯವಾಗಿ ಮಡಚಿ ಚಾಚುತ್ತದೆ. ಎಲುಬು ಎಲುಬಿಗೆ ಉಜ್ಜದಂತೆ ತುದಿಗಳಿಗೆ ನುಣುಪಾದ ಮೆಲ್ಲೆಲುಬಿನ ಹೊದಿಕೆ; ನಡುವೆ, ಗಾಡಿಯ ಅಚ್ಚಿಗೆ ಕೀಲೆಣ್ಣೆಯಂತೆ, ಜಾರುದ್ರವ. ತಂದೆಯವರಿಗೆ ಸವೆದದ್ದು ಆ ಹೊದಿಕೆ. ಅದನ್ನು ಗಾಡಿಯ ಅಚ್ಚಿನ ಹೋಲಿಕೆಯಿಂದಲೇ ನಾನು ಅವರಿಗೆ ತಿಳಿಯಹೇಳಿದೆ. ಅವರು ತಲೆದೂಗಿದರು.

ಆ ಗ್ರಂಥದ ಚಿತ್ರಗಳಲ್ಲೊಂದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಅಸ್ಥಿಪಂಜರವೊಂದು ಸಲಿಕೆಗೆ ಒರಗಿ, ಮುಖವೆತ್ತಿ ನಿಂತಿದೆ, ದುಡಿದು ದಣಿದವನ ಹಾಗೆ.

ಹೊಗಳಿಕೆಯೊಂದಿಗೆ ಬೈಗಳೂ ಬಂದವು. ಪ್ಯಾರಿಸ್ಸಿನ ಗುರು ಸಿಲ್ವಿಯಸನೇ ಶಿಷ್ಯನನ್ನು ಹುಚ್ಚನೆಂದು ಜರೆದು 1551ರಲ್ಲಿ ಗ್ರಂಥ ಬರೆದನು. ಗ್ಯಾಲೆನನು ತಪ್ಪಿಲ್ಲ, ಅವನ ಕಾಲದಿಂದೀಚೆಗೆ ಮನುಷ್ಯನ ದೇಹವೇ ಬದಲಾಗಿದೆ ಎಂಬುದು ಆ ಗುರುವಿನ ವಾದ! ಅಷ್ಟರಲ್ಲಿ ವೆಸೇಲಿಯಸ್ ಅಧ್ಯಾಪನವನ್ನು ತೊರೆದು, ನೊಂದು ತನ್ನ ಹಸ್ತಪ್ರತಿಗಳನ್ನು ಸುಟ್ಟು, ಚಾರ್ಲ್ಸ್ ಚಕ್ರವರ್ತಿಯ ಆಸ್ಥಾನವೈದ್ಯನಾಗಿದ್ದನು. ಆದರೂ 1555ರಲ್ಲಿ ಗ್ರಂಥವನ್ನು ತಿದ್ದಿ ಮತ್ತೆ ಪ್ರಕಟಿಸಿದನು. 1564ರಲ್ಲಿ ಜೆರುಸಲೇಮ್ ಯಾತ್ರೆ ಮುಗಿಸಿ ಹಿಂದಿರುಗುವಾಗ ಗ್ರೀಸಿನ ಝಾಂಟೆ ದ್ವೀಪದಲ್ಲಿ ತೀರಿಕೊಂಡನು. ಐವತ್ತು ಇನ್ನೂ ತುಂಬಿರಲಿಲ್ಲ.

1543ರಲ್ಲಿ ಬಾಸೆಲ್‌ನಲ್ಲಿ ಆತನು ಜೋಡಿಸಿದ, ಮರಣದಂಡನೆಗೊಳಗಾದ ಒಬ್ಬನ ಅಸ್ಥಿಪಂಜರ ಇಂದಿಗೂ ಆ ನಗರದ ವಿಶ್ವವಿದ್ಯಾನಿಲಯದಲ್ಲಿದೆ. ಈ ವಿದ್ಯೆಗೆ ಮೈಕೊಟ್ಟವರು ಹೆಚ್ಚಾಗಿ ಅಪರಾಧಿಗಳು ಮತ್ತು ದಿಕ್ಕಿಲ್ಲದವರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ವೆಸೇಲಿಯಸನನ್ನು ನೆನೆವಾಗ ಅವರನ್ನು ಮರೆಯುವುದು ನ್ಯಾಯವಲ್ಲ.

ಗೈಡುಗಳನ್ನು ಬಾಯಿಪಾಠ ಮಾಡಿ ಇದುವರೆಗೆ ತೇರ್ಗಡೆಯಾದವನು ನಾನು. ಅಚ್ಚಾದುದೆಲ್ಲ ಸತ್ಯವೆಂದು ನಂಬಿದ್ದೆ. ಓದಿದವರಿಲ್ಲದ ಮನೆಯಿಂದ ಬಂದವನಿಗೆ ಪುಸ್ತಕದ ಭಯ ಹೆಚ್ಚು. ವೆಸೇಲಿಯಸ್ ಗ್ಯಾಲೆನನನ್ನು ತಿರಸ್ಕರಿಸಿದವನಲ್ಲ. ಶ್ರದ್ಧೆಯಿಂದ ಓದಿ, ಬಳಿಕ ಎಲುಬನ್ನು ಕೈಯಲ್ಲಿ ಹಿಡಿದು ನೋಡಿದವನು. ಗುರುಗಳು ಮನ್ನಿಸುವುದಾದರೆ, ಗೆಳೆಯರಿಗೆ ಇಷ್ಟು ಹೇಳುತ್ತೇನೆ: ಓದೋಣ, ಓದಿದ್ದನ್ನು ಕಣ್ಣಾರೆ ನೋಡೋಣ. ಎರಡೂ ತಾಳೆಯಾಗದಿದ್ದಾಗ ಎದ್ದು ನಿಂತು ಕೇಳೋಣ.